ಐಸ್‌ಲ್ಯಾಂಡಿಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಿಗೆ

ನಾನು ಇಂಗ್ಲೆಂಡಿನ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ಜ್ವಾಲಾಮುಖಿ, ಹಿಮನದಿ ಎರಡನ್ನೂ ಒಂದೇ ಪ್ರವಾಸದಲ್ಲಿ ತೋರಿಸಬೇಕೆಂದರೆ ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಗೆ ಹೋಗಿ. ಟೂರಿನವರು ಕೊಡುವ ಪಟ್ಟಿಯಲ್ಲಿ ದಿನಕ್ಕೆ ಆರೇಳು ಜಾಗ ಇರುತ್ತವೆ. ಅರ್ಧಕ್ಕರ್ಧ ಹೊಡೆದುಹಾಕಿ. ಉಳಿದ ಹೊತ್ತನ್ನು ಸೋಲ್‌ಹೇಮಾಯೋಕುಲ್ ಹಿಮನದಿಗೆ ಕೊಡಿ.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವ ಮಕ್ಕಳಿಗೆ, ಇಂಗ್ಲೆಂಡಿನಲ್ಲಿ ವಾಸದ ಪರವಾನಗಿ ಇದ್ದರೂ, ಸಾಮಾನ್ಯವಾಗಿ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ಅಪ್ಪ-ಅಮ್ಮಂದಿರಿಗೆ ತಿಂಗಳುಗಟ್ಟಲೆ ಮುಂಚೆಯೇ ಹೇಳಿಬಿಡಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಬೂಟು ಪಾದದ ಗಂಟನ್ನು ಮುಚ್ಚುವಂತಿರಲಿ. ಇಲ್ಲದಿದ್ದರೆ ಮಂಜುಗಡ್ಡೆಯ ಮೇಲೆ ನಡೆಯಲು ಕಟ್ಟುವ ಮುಳ್ಳಿನ ಕ್ರ್ಯಾಂಪನ್ ಗಟ್ಟಿಯಾಗಿ ಕೂರುವುದಿಲ್ಲ. ಬರೆಯಲು ಪೆನ್ಸಿಲ್ಲೇ ಸರಿ, ಮಳೆಗೆ ಪೆನ್ನಿನ ಶಾಯಿ ಕದಡಿಹೋಗುತ್ತದೆ. ಕ್ಲಿಪ್‌ಬೋರ್ಡಿನ ಹಾಳೆಗೆ ಕೆಳಗೂ ಒಂದು ರಬ್ಬರ್ ಬ್ಯಾಂಡ್ ಹಾಕಿಸಿ, ಅಲ್ಲಿನ ಗಾಳಿಗೆ ಕ್ಲಿಪ್ ಒಂದೇ ಸಾಲದು. ಸಸ್ಯಾಹಾರಿಗಳಿದ್ದರೆ ಚಟ್ನಿಪುಡಿ ಕಟ್ಟಿಕೊಳ್ಳಲಿ.

ಸೋಲ್‌ಹೇಮಾಯೋಕುಲ್ ಅಂದರೆ ಮಿರ್‌ದಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮರಾಶಿ ಚಾಚಿದ ನಾಲಿಗೆ. ಆ ರಾಶಿಯ ಅಡಿಯಲ್ಲಿ ಕಾಟ್ಲಾ ಜ್ವಾಲಾಮುಖಿ ಮಲಗಿದೆ. ಅದರ ಕೊನೆಯ ದೊಡ್ಡ ಸ್ಫೋಟ 1918ರದ್ದು. ಅಚ್ಚ ಬಿಳುಪು ನೋಡಲು ಬಂದ ಮಕ್ಕಳು ಕಪ್ಪು ಬಳಿದ ಮಂಜುಗಡ್ಡೆ ಕಂಡು, "ಏನ್ ಸಾರ್, ಇಷ್ಟು ಕೊಳಕಾಗಿದೆ!" ಎನ್ನುತ್ತಾರೆ. ಪಾಠ ಅಲ್ಲಿಂದಲೇ ಶುರು ಮಾಡಿ. ಆ ಕೊಳಕೇ ಜ್ವಾಲಾಮುಖಿಯ ಬೂದಿ. ಹಿಮನದಿಯ ಮೇಲೆ ಅಲ್ಲಲ್ಲಿ ಕಪ್ಪು ಗುಡ್ಡೆಗಳು ಎದ್ದಿರುತ್ತವೆ. ಬರೀ ಬೂದಿಯ ಗುಪ್ಪೆ ಅಂದುಕೊಳ್ಳುತ್ತಾರೆ. ಗೈಡ್ ಕೈಲಿ ಒಂದರ ಮೈಯನ್ನು ಕೆರೆಸಿ: ಕೆಲವು ಸೆಂಟಿಮೀಟರ್ ಒಳಗೆ ಬರೀ ಮಂಜುಗಡ್ಡೆ. ಬೂದಿ ತೆಳುವಾಗಿದ್ದರೆ ಬಿಸಿಲು ಹೀರಿ ಮಂಜನ್ನು ಬೇಗ ಕರಗಿಸುತ್ತದೆ, ದಪ್ಪವಾಗಿದ್ದರೆ ಹೊದಿಕೆಯಾಗಿ ಕಾಯುತ್ತದೆ. ಸುತ್ತಲಿನದು ಕರಗಿಹೋಗಿ ಗುಡ್ಡೆ ಉಳಿಯುತ್ತದೆ. ಇದನ್ನು ನೀವಾಗಿ ಹೇಳಬೇಡಿ, ಮಕ್ಕಳೇ ತರ್ಕ ಮಾಡಲಿ.

ಗೈಡ್ ಇಲ್ಲದೆ ಮಂಜಿನ ಮೇಲೆ ಒಂದು ಹೆಜ್ಜೆಯೂ ಬೇಡ. ಕೆಳಗೆ ಹರಿಯುವ ನದಿಗೆ ಗಂಧಕದ ವಾಸನೆ ಇರುತ್ತದೆ, ಅಲ್ಲಿಯವರು ಅದನ್ನು ನಾರುವ ಹೊಳೆ ಎಂದೇ ಕರೆಯುತ್ತಿದ್ದರು. ವಾಸನೆ ಇದ್ದಕ್ಕಿದ್ದಂತೆ ಜೋರಾಗಿ ನೀರೂ ಏರಿದರೆ ಮಂಜಿನಡಿಯಿಂದ ಪ್ರವಾಹ ಬರುತ್ತಿರಬಹುದು. ಅಳತೆ ಗಿಳತೆ ಬಿಟ್ಟು ಎತ್ತರಕ್ಕೆ ಹೋಗಿ, 112ಕ್ಕೆ ಫೋನ್ ಮಾಡಿ.

ಅಳತೆಯ ಕೆಲಸಕ್ಕೆ ಕಲ್ಲುಗಳೇ ಸಾಕು. ಮಂಜಿನ ಅಂಚಿನ ಹತ್ತಿರ, ನಡುವೆ, ದೂರದ ಬಯಲಿನಲ್ಲಿ, ಹೀಗೆ ಮೂರು ಕಡೆ ಇಪ್ಪತ್ತಿಪ್ಪತ್ತು ಕಲ್ಲು ಕಣ್ಣುಮುಚ್ಚಿ ಎತ್ತಲಿ. ಉದ್ದ ಅಳೆದು, ಚೂಪೋ ದುಂಡೋ ಬರೆಯಲಿ. ನೀರು ಉರುಳಿಸಿದಷ್ಟೂ ಮೂಲೆಗಳು ಸವೆದಿರುತ್ತವೆ. ಪಕ್ಕದ ಹ್ವೋಲ್ಸ್‌ವೋಲ್ಲುರ್ ಊರಿನ ಶಾಲಾಮಕ್ಕಳು 2010ರಿಂದ ಪ್ರತಿವರ್ಷ ಈ ಹಿಮನದಿ ಎಷ್ಟು ಹಿಂದೆ ಸರಿಯಿತೆಂದು ಅಳೆಯುತ್ತಿದ್ದಾರೆ. ಅದನ್ನು ಹೇಳಿ ನೋಡಿ, ಟೇಪ್ ಹಿಡಿಯುವ ಕೈ ನೆಟ್ಟಗಾಗುತ್ತದೆ.

ಮುಂದೆ ರೇನಿಸ್‌ಫ್ಯಾರಾದ ಕಪ್ಪು ಮರಳಿನ ದಂಡೆ. ಲಾವಾ ತಣ್ಣಗಾಗಿ ಕುಗ್ಗಿದಾಗ ಬಿರುಕು ಬಿಟ್ಟು ಎದ್ದ ಬಸಾಲ್ಟ್ ಕಂಬಗಳು ಅಲ್ಲಿವೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪ ನೋಡಿದವರಿಗೆ ತಕ್ಷಣ ಗುರುತು ಹತ್ತುತ್ತದೆ. ಆದರೆ ಇಲ್ಲಿನ ಅಲೆ ಮೋಸದ್ದು. ಸುಮ್ಮನಿದ್ದು ಒಮ್ಮೆಲೇ ದಂಡೆಯ ಮೇಲಕ್ಕೆ ನುಗ್ಗುತ್ತದೆ, ಜೀವಗಳೂ ಹೋಗಿವೆ. ಎಚ್ಚರಿಕೆಯ ದೀಪ ಕೆಂಪಾಗಿದ್ದರೆ ದಂಡೆಗೆ ಇಳಿಸಲೇಬೇಡಿ. ಇಳಿದರೂ ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಯಲು ಬಿಡಬೇಡಿ.

ಕಲ್ಲಿನ ಲೆಕ್ಕವನ್ನು ಅವತ್ತೇ ರಾತ್ರಿ, ಊಟಕ್ಕೆ ಮುಂಚೆ, ಕಂಪ್ಯೂಟರಿಗೆ ಹಾಕಿಸಿ. ಊರಿಗೆ ಹೋಗಿ ಮಾಡ್ತೀವಿ ಸಾರ್ ಅಂದರೆ ನಂಬಬೇಡಿ.