ಅಂಗಡಿಗೇ ಬಾರದ ಹಾಡುಗಳು: ಪವರ್ ಪಾಪ್ ಕೇಳಲು ಶುರುಮಾಡುವ ಬಗೆ

ಬೀಟಲ್ಸ್‌ನ ಇಂಪಿಗೆ ‘ದಿ ಹೂ’ ಬ್ಯಾಂಡಿನ ಗಿಟಾರ್ ಅಬ್ಬರ ಬೆರೆಸಿದರೆ ಪವರ್ ಪಾಪ್. 1967ರಲ್ಲಿ ಈ ಹೆಸರು ಕೊಟ್ಟಿದ್ದೂ ಅದೇ ‘ಹೂ’ನ (ಮುಡಿಯುವ ಹೂ ಅಲ್ಲ) ಪೀಟ್ ಟೌನ್‌ಶೆಂಡ್. ಸುಮಾರು ಮೂರು ನಿಮಿಷದ ಹಾಡು, ಗಡುಸು ಗಿಟಾರು, ಒಟ್ಟಿಗೆ ಏಳುವ ಎರಡು ಮೂರು ದನಿ, ಅಷ್ಟೇ.

ನೂರು ಹಾಡಿನ ಪ್ಲೇಲಿಸ್ಟ್ ಹಾಕಿಕೊಂಡು ಶುರುಮಾಡಬೇಡಿ. ಹತ್ತನೇ ಹಾಡಿನ ಹೊತ್ತಿಗೆ ಎಲ್ಲವೂ ಒಂದೇ ಥರ ಕೇಳಿಸಿ ಕಿವಿ ಸೋಲುತ್ತದೆ. ಈಗಾಗಲೇ ಗೊತ್ತಿರುವ ಹಾಡು ಹಿಡಿದು ಹಿಂದಕ್ಕೆ ನಡೆಯಿರಿ. ಮರಾಯಾ ಕ್ಯಾರಿಯ ‘ವಿದೌಟ್ ಯು’ ಕೇಳಿಯೇ ಇರುತ್ತೀರಿ. ಅದಕ್ಕೂ ಮುಂಚೆ, 1972ರಲ್ಲಿ, ಹ್ಯಾರಿ ನಿಲ್ಸನ್ ದನಿಯಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತ್ತು. ಮೂಲ ಮಾತ್ರ 1970ರ ಬ್ಯಾಡ್‌ಫಿಂಗರ್ ಬ್ಯಾಂಡಿನದು. ಚರಣ ಪೀಟ್ ಹ್ಯಾಮ್‌ದು, ಪಲ್ಲವಿ ಟಾಮ್ ಇವಾನ್ಸ್‌ದು. ಅರ್ಧರ್ಧ ಉಳಿದಿದ್ದ ಎರಡು ಹಾಡನ್ನು ಒಂದಕ್ಕೊಂದು ಹೊಲಿದಿದ್ದಾರೆ. ನಿಲ್ಸನ್ ಪಲ್ಲವಿಯನ್ನು ಕೊನೆಕೊನೆಗೆ ತಾರಸ್ಥಾಯಿಗೆ ಎತ್ತುತ್ತಾನೆ, ಮೂಲದಲ್ಲಿ ಅದು ನೆಲ ಬಿಟ್ಟು ಮೇಲೇಳುವುದೇ ಇಲ್ಲ. ಎರಡನ್ನೂ ಒಂದರ ಹಿಂದೊಂದು ಕೇಳಿ. ನಮ್ಮ ಮತ ಮೂಲಕ್ಕೆ.

ಬ್ಲಾಂಡಿಯ 1978ರ ‘ಹ್ಯಾಂಗಿಂಗ್ ಆನ್ ದ ಟೆಲಿಫೋನ್’ ಹಿಡಿದು ಹೋದರೆ ಲಾಸ್ ಏಂಜಲೀಸ್‌ನ ‘ದ ನರ್ವ್ಸ್’ ಸಿಗುತ್ತಾರೆ. 1976ರಲ್ಲಿ ಬಂದ ನಾಲ್ಕೇ ಹಾಡಿನ ಪುಟ್ಟ ರೆಕಾರ್ಡಿನಲ್ಲಿ ಅದಿದೆ. ‘ದಟ್ 70ಸ್ ಶೋ’ ಧಾರಾವಾಹಿಯ ಶೀರ್ಷಿಕೆ ಗೀತೆ ಹಿಡಿದು ಹೋದರೆ ಮೆಂಫಿಸ್‌ನ ‘ಬಿಗ್ ಸ್ಟಾರ್’ ಸಿಗುತ್ತಾರೆ. ಅವರ ಮೊದಲ ಆಲ್ಬಂ ಬಂದದ್ದು 1972ರಲ್ಲಿ. ವಿಮರ್ಶಕರು ಹೊಗಳಿದರು, ಆದರೆ ಹಂಚಿಕೆ ಕೆಟ್ಟು ರೆಕಾರ್ಡು ಅಂಗಡಿಗೇ ಸರಿಯಾಗಿ ತಲುಪಲಿಲ್ಲ. ವಿಮರ್ಶೆ ಓದಿ ರೆಕಾರ್ಡು ಕೊಳ್ಳಲು ಹೋದವರಿಗೆ ಮಾಲಿಲ್ಲ. 1974ರ ಎರಡನೆಯದಕ್ಕೂ ಇದೇ ಗತಿ. ಹಾಡು ಸಪ್ಪೆಯಾಗಿದ್ದಕ್ಕೆ ಓಡಲಿಲ್ಲ ಎಂದುಕೊಂಡರೆ ಈ ಇಡೀ ವರ್ಗವೇ ನಿಮಗೆ ತಪ್ಪಿಹೋಗುತ್ತದೆ.

ನಿಜವಾಗಿ ಕೈಕೊಡುವುದು ಹುಡುಕಾಟ. ಶೂಸ್, ರೆಕಾರ್ಡ್ಸ್, ರಾಸ್ಪ್‌ಬೆರೀಸ್, ಬೀಟ್: ಈ ಬ್ಯಾಂಡುಗಳಿಗೆ ಎಂಥ ಹೆಸರುಗಳು ನೋಡಿ! ‘ಶೂಸ್’ ಅಂತ ಹುಡುಕಿದರೆ ಚಪ್ಪಲಿ ಅಂಗಡಿ ತೆರೆದುಕೊಳ್ಳುತ್ತದೆ. ಆದ್ದರಿಂದ ಬ್ಯಾಂಡಿನ ಜೊತೆಗೆ ಹಾಡಿನದೋ ಆಲ್ಬಂನದೋ ಹೆಸರನ್ನೂ ಕೊಡಿ: ‘ಶೂಸ್ ಬ್ಲ್ಯಾಕ್ ವೈನಿಲ್ ಶೂಸ್’, ‘ರೆಕಾರ್ಡ್ಸ್ ಸ್ಟಾರಿ ಐಸ್’, ‘ರಾಸ್ಪ್‌ಬೆರೀಸ್ ಗೋ ಆಲ್ ದ ವೇ’. ಬೀಟ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದೇ ಹೆಸರಿನ ಇಂಗ್ಲಿಷ್ ಸ್ಕಾ (ಜಮೈಕಾ ಮೂಲದ ಕುಣಿತದ ಸಂಗೀತ) ಬ್ಯಾಂಡೊಂದಿದೆ, ನಿಮಗೆ ಬೇಕಾದದ್ದು ‘ಪಾಲ್ ಕಾಲಿನ್ಸ್ ಬೀಟ್’. ಹಾಡು ಸಿಕ್ಕ ಮೇಲೂ ವರ್ಷ, ಅವಧಿ ಎರಡನ್ನೂ ನೋಡಿ. ಹಳೇ ಬ್ಯಾಂಡುಗಳ ಹಾಡನ್ನು ದಶಕಗಳ ಬಳಿಕ ಮತ್ತೆ ಹಾಡಿ ರೆಕಾರ್ಡ್ ಮಾಡಿರುವುದುಂಟು, ಅವೂ ಅದೇ ಹೆಸರಿನಲ್ಲಿ ಪಕ್ಕದಲ್ಲೇ ಕೂತಿರುತ್ತವೆ. ಡ್ರಮ್ ಸದ್ದು ತೀರಾ ನುಣ್ಣಗಿದ್ದು, ಗಾಯಕನ ದನಿ ಮುದಿಯಾಗಿದ್ದರೆ ಅದು ನಕಲು. ಎಪ್ಪತ್ತರ ದಶಕದ ಮೂಲ ಆಲ್ಬಂ ತೆರೆದು ಅದರೊಳಗಿಂದಲೇ ಹಾಡು ಹಾಕುವುದು ಕ್ಷೇಮ.

ಕೇಳುವ ಮುನ್ನ ಆ್ಯಪ್‌ನಲ್ಲಿ ಶಫಲ್ (ಹಾಡುಗಳ ಸಾಲು ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದರ ಶುರು ಬೆರೆಸುವುದು) ಎರಡನ್ನೂ ಆಫ್ ಮಾಡಿ. ಬಸ್ಸಿನಲ್ಲಿ ಗೆಳೆಯರೊಂದಿಗೆ ಒಂದೊಂದು ಇಯರ್‌ಫೋನ್ ಹಂಚಿಕೊಳ್ಳುವ ಚಟ ಇದ್ದರೆ ಇನ್ನೊಂದು ತೊಡಕು: ಆ ಕಾಲದ ಸ್ಟೀರಿಯೊದಲ್ಲಿ ಎಷ್ಟೋ ಸಲ ಒಂದು ಗಿಟಾರು ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ. ಒಂದೇ ಕಿವಿಯಲ್ಲಿ ಕೇಳಿದರೆ ಅರ್ಧ ಹಾಡು ಮಾಯ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೊನೊ ಆಡಿಯೊ’ ಒತ್ತಿದರೆ ಎರಡೂ ಸೇರುತ್ತವೆ. ಹೀಗೆ ಸಿದ್ಧಮಾಡಿಕೊಂಡು ಒಂದು ಹಾಡನ್ನು ಮೂರು ಸಲ ಕೇಳಿ: ಮೊದಲು ಸುಮ್ಮನೆ, ಆಮೇಲೆ ಬೇಸ್ ಮತ್ತು ಡ್ರಮ್ ಮಾತ್ರ, ಮೂರನೇ ಸಲ ಹಿಂದಿನ ದನಿಗಳು. ಬಿಗ್ ಸ್ಟಾರ್‌ನ ‘ಸೆಪ್ಟೆಂಬರ್ ಗರ್ಲ್ಸ್’ ಇದಕ್ಕೆ ಒಳ್ಳೆ ಪಾಠ, ಮೂರು ನಿಮಿಷವೂ ಇಲ್ಲ.

ಬಿಗ್ ಸ್ಟಾರ್ ಆಲ್ಬಂಗಳನ್ನು ಬಂದ ಕ್ರಮದಲ್ಲೇ ಕೇಳಿ. ಮೂರನೆಯದರಿಂದ ಶುರುಮಾಡಿದವರು ಸಾಮಾನ್ಯವಾಗಿ ಅಲ್ಲೇ ನಿಲ್ಲಿಸುತ್ತಾರೆ. ಅದು ಒಡೆದು ಚೂರಾಗುತ್ತಿದ್ದ ಬ್ಯಾಂಡಿನ ಸದ್ದು, ಪವರ್ ಪಾಪ್ ಅಂತ ಕರೆಯುವುದೇ ಕಷ್ಟ. 1974ರಲ್ಲಿ ಧ್ವನಿಮುದ್ರಣವಾಗಿ 1978ರಲ್ಲಿ ಹೊರಬಂದಿತು. ಬೇರೆ ಬೇರೆ ಮುದ್ರಣಗಳಲ್ಲಿ ಹಾಡುಗಳ ಸಾಲು ಬೇರೆ, ಹೆಸರೂ ಒಮ್ಮೆ ‘ಥರ್ಡ್’, ಒಮ್ಮೆ ‘ಸಿಸ್ಟರ್ ಲವರ್ಸ್’. ನಿಮ್ಮದರಲ್ಲಿ ಸಾಲು ತಪ್ಪಿದೆ ಎಂದು ಗಾಬರಿಪಡಬೇಡಿ. ಮೊದಲೆರಡು ಆಲ್ಬಂಗಳು ಒಂದೇ ಸಿಡಿಯಲ್ಲಿ ಸಿಗುತ್ತವೆ, ದುಬಾರಿ ಮೂಲ ರೆಕಾರ್ಡಿಗೆ ಕೈಹಾಕುವ ಮೊದಲು ಅದನ್ನೇ ಕೊಳ್ಳಿ. ಇನ್ನು 1977ರ ಶೂಸ್ ಆಲ್ಬಂನಲ್ಲಿ ಗುಸುಗುಸು ಸದ್ದು ಕೇಳಿಸಿದರೆ ನಿಮ್ಮ ಸ್ಪೀಕರನ್ನು ಬೈಯಬೇಡಿ. ಇಲಿನಾಯ್‌ನ ಜಯನ್ ಎಂಬ ಊರಿನ ಒಂದು ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದ ಮೇಲೆ ಮಾಡಿದ್ದು ಅದು.

ಒಂದು ಬ್ಯಾಂಡ್ ಹಿಡಿಸಿದರೆ ಅದೇ ಜನರ ಮುಂದಿನ ಬ್ಯಾಂಡ್ ಹುಡುಕಿ. ನರ್ವ್ಸ್‌ನಲ್ಲಿದ್ದವರು ಮೂವರು: ಜ್ಯಾಕ್ ಲೀ, ಪೀಟರ್ ಕೇಸ್, ಪಾಲ್ ಕಾಲಿನ್ಸ್. ಕಾಲಿನ್ಸ್ ಮುಂದೆ ಬೀಟ್ ಕಟ್ಟಿದ, ಕೇಸ್ ‘ಪ್ಲಿಮ್‌ಸೋಲ್ಸ್’ ಕಟ್ಟಿದ. ಪ್ಲಿಮ್‌ಸೋಲ್ಸ್ ಅಂದರೂ ಒಂದು ಥರದ ಶೂಗಳೇ, ಅಲ್ಲೂ ಹಾಡಿನ ಹೆಸರು ಸೇರಿಸಿಯೇ ಹುಡುಕಿ: ‘ಎ ಮಿಲಿಯನ್ ಮೈಲ್ಸ್ ಅವೇ’.