ಅದೇ ವಸ್ತು ಇಲ್ಲೇಕೆ ತುಟ್ಟಿ? ಬೆಲೆಯನ್ನು ಬಿಡಿಸಿ ನೋಡುವ ಬಗೆ

ದಾವಣಗೆರೆಯ ಅಶೋಕ ರಸ್ತೆಯ ಕೆಲವು ಅಂಗಡಿಗಳ ಲೆಕ್ಕಪತ್ರ ಬರೆಯುವುದು ನನ್ನ ಉದ್ಯೋಗ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿರುವಾಗ ತಿಂಗಳಿಗೊಮ್ಮೆಯಾದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಅಣ್ಣಾರೆ, ನಮ್ಮ ಚಿಕ್ಕಪ್ಪನ ಮಗ ಅಮೆರಿಕದಾಗೆ ಅದಾನೆ. ಅಲ್ಲಿ ಇದಕ್ಕೆ ಇಷ್ಟೊಂದು ರೇಟಿಲ್ಲಂತೆ, ನೀವ್ಯಾಕೆ ಇಷ್ಟು ಹೇಳ್ತೀರಿ?" ಮಾಲೀಕರು ಡಬ್ಬಿಯ ಮೇಲಿನ ಎಂಆರ್‌ಪಿ ತೋರಿಸುತ್ತಾರೆ, ಹುಡುಗ ಡಾಲರನ್ನು ರೂಪಾಯಿಗೆ ಗುಣಿಸಿ ತನ್ನ ಮೊಬೈಲ್ ತೋರಿಸುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದಾಯ ಕಡಿಮೆ ಇರುವ ದೇಶದಲ್ಲಿ ಅದೇ ವಸ್ತು ಅಗ್ಗವಾಗಿರಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಮತ್ತು ಕಾಗದ ಪೆನ್ಸಿಲ್ ಹಿಡಿದು ಕೂತರೆ ಅದಕ್ಕೆ ಯಾರು ಬೇಕಾದರೂ ಉತ್ತರ ಕಂಡುಕೊಳ್ಳಬಹುದು. ಬೆಲೆಯ ವ್ಯತ್ಯಾಸವನ್ನು ಪದರ ಪದರವಾಗಿ ಬಿಡಿಸುತ್ತ, ಕಾರಣ ಗೊತ್ತಾದ ಭಾಗವನ್ನೆಲ್ಲ ಕಳೆಯುತ್ತ ಹೋಗಿ, ಕೊನೆಗೆ ಎಷ್ಟು ಉಳಿಯಿತೆಂದು ನೋಡಬೇಕು. ಸಿಟ್ಟಾಗುವುದಿದ್ದರೆ ಆ ಉಳಿಕೆಯ ಮೇಲೆ ಸಿಟ್ಟಾಗಬೇಕೇ ಹೊರತು ಎದುರಿಗೆ ಕೂತ ಅಂಗಡಿಯವರ ಮೇಲಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಹೋಲಿಸುತ್ತಿರುವ ಎರಡೂ ಬೆಲೆಗಳು ಒಂದೇ ಜಾತಿಯವೇ ಎಂದು ಖಚಿತಪಡಿಸಿಕೊಳ್ಳಬೇಕು. ಮಾದರಿ ಒಂದೇ ಆಗಿರಬೇಕು, ವಿನಿಮಯ ದರ ಅದೇ ತಿಂಗಳಿನದಾಗಿರಬೇಕು. ಇವೆರಡಕ್ಕಿಂತ ಮುಖ್ಯವಾಗಿ, ತೆರಿಗೆ ಎಲ್ಲಿ ಸೇರಿದೆ, ಎಲ್ಲಿ ಸೇರಿಲ್ಲ ಎಂಬುದು ತಿಳಿದಿರಬೇಕು. ನಮ್ಮ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡ ಬೆಲೆ. ಅಮೆರಿಕದಲ್ಲಿ ಪ್ರಕಟವಾಗುವ ಬೆಲೆಯಲ್ಲಿ ಮಾರಾಟ ತೆರಿಗೆ ಇರುವುದಿಲ್ಲ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆರೆಗಾನ್‌ನಲ್ಲಿ ಆ ತೆರಿಗೆಯೇ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಶೇ 7.25 ಇದೆ, ಮತ್ತು ಅದನ್ನು ಬಿಲ್ ಹಾಕುವಾಗ ಸೇರಿಸುತ್ತಾರೆ. ಚಿಕ್ಕಪ್ಪನ ಮಗ ಹೇಳುವ ಬೆಲೆ ಬಹುತೇಕ ತೆರಿಗೆ ಸೇರದ ಬೆಲೆಯೇ ಆಗಿರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸೋಣ. 2023ರ ಸೆಪ್ಟೆಂಬರ್‌ನಲ್ಲಿ ಐಫೋನ್ 15 ಬಿಡುಗಡೆಯಾದಾಗ ಅದರ ಆರಂಭಿಕ ಮಾದರಿಗೆ ಅಮೆರಿಕದಲ್ಲಿ 799 ಡಾಲರ್, ಭಾರತದಲ್ಲಿ 79,900 ರೂಪಾಯಿ ಇತ್ತು. ಆಗ ಡಾಲರಿಗೆ ಸುಮಾರು 83 ರೂಪಾಯಿ. ಗುಣಿಸಿದರೆ 66,317 ಬರುತ್ತದೆ. ಅಂದರೆ ಇಲ್ಲಿ 13,583 ರೂಪಾಯಿ ಹೆಚ್ಚು. ಬಹಳ ಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸಿ ಮೋಸವಾಯಿತೆಂದು ಹೊರಡುತ್ತಾರೆ. ಆದರೆ ಮೊಬೈಲ್ ಫೋನಿಗೆ 2020ರ ಏಪ್ರಿಲ್‌ನಿಂದ ಜಿಎಸ್‌ಟಿ ಶೇ 18 ಇದೆ. 66,317ಕ್ಕೆ ಅದನ್ನು ಸೇರಿಸಿದರೆ 78,254 ಆಗುತ್ತದೆ. ಉಳಿದದ್ದು ಕೇವಲ 1,646 ರೂಪಾಯಿ. ಆ ಮಾದರಿಯನ್ನು ಭಾರತದಲ್ಲಿಯೂ ಜೋಡಿಸುತ್ತಿದ್ದರು. ವ್ಯತ್ಯಾಸದ ಬಹುಪಾಲು ನಮ್ಮದೇ ತೆರಿಗೆಯಾಗಿತ್ತು.

ಅದೇ ದಿನ ಬಂದ ಐಫೋನ್ 15 ಪ್ರೊ ಕಥೆ ಬೇರೆ. ಅಲ್ಲಿ 999 ಡಾಲರ್, ಇಲ್ಲಿ 1,34,900 ರೂಪಾಯಿ. ಅದು ಆಗ ಇಲ್ಲಿ ಜೋಡಣೆಯಾಗುತ್ತಿರಲಿಲ್ಲ, ಹೊರಗಿನಿಂದಲೇ ಬರಬೇಕಿತ್ತು. ಹೊರಗಿನಿಂದ ಬರುವ ಫೋನಿನ ಮೇಲೆ ಆಗ ಮೂಲ ಸೀಮಾ ಸುಂಕ ಶೇ 20 ಮತ್ತು ಆ ಸುಂಕದ ಹತ್ತನೇ ಒಂದು ಭಾಗದಷ್ಟು ಸಮಾಜ ಕಲ್ಯಾಣ ಸರ್‌ಚಾರ್ಜ್, ಒಟ್ಟು ಶೇ 22 ಇತ್ತು. ಗಮನಿಸಬೇಕಾದ ಸಂಗತಿಯೆಂದರೆ, ಜಿಎಸ್‌ಟಿಯನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸುಂಕವೂ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ತೆರಿಗೆಯ ಮೇಲೆ ತೆರಿಗೆ ಕೂರುವುದು ಇಲ್ಲಿಯೇ. 999 ಡಾಲರಿಗೆ 82,917 ರೂಪಾಯಿ, ಸುಂಕ ಸೇರಿ 1,01,159, ಜಿಎಸ್‌ಟಿ ಸೇರಿ 1,19,367. ವಾಸ್ತವದಲ್ಲಿ ಸುಂಕ ಬೀಳುವುದು ಆಮದಿನ ಬೆಲೆಯ ಮೇಲೆ, ಅದು ಚಿಲ್ಲರೆ ಬೆಲೆಗಿಂತ ಕಡಿಮೆ. ಆದ್ದರಿಂದ ನಾವು ಸರ್ಕಾರದ ಪಾಲನ್ನು ಕೈಬಿಚ್ಚಿಯೇ ಲೆಕ್ಕ ಹಾಕಿದ್ದೇವೆ. ಆದರೂ 15,533 ರೂಪಾಯಿ ಉಳಿಯುತ್ತದೆ. ಈ ಉಳಿಕೆಯನ್ನು ಯಾವ ತೆರಿಗೆಯ ಖಾತೆಗೂ ಬರೆಯಲಾಗದು. 2024ರ ಜುಲೈ ಬಜೆಟ್‌ನಲ್ಲಿ ಮೊಬೈಲಿನ ಮೂಲ ಸುಂಕವನ್ನು ಶೇ 15ಕ್ಕೆ ಇಳಿಸಿದ್ದರಿಂದ, ಈಚಿನ ಮಾದರಿಗಳಿಗೆ ಲೆಕ್ಕ ಹಾಕುವವರು ಶೇ 22ರ ಬದಲು 16.5 ಹಿಡಿಯಬೇಕು.

ಸುಂಕವೆಂದರೆ ಬರೀ ಸುಲಿಗೆ ಎಂದು ತೀರ್ಮಾನಿಸುವ ಮುನ್ನ ಅದರ ಕಾರಣವನ್ನೂ ನೋಡಬೇಕು. ಬಹುಪಾಲು ಜನ ಸಂಬಳದ ಚೀಟಿಯಿಲ್ಲದೆ ದುಡಿಯುವ ದೇಶದಲ್ಲಿ ಆದಾಯ ತೆರಿಗೆ ವಸೂಲಿ ಕಷ್ಟ, ಬಂದರಿನಲ್ಲಿ ಹಡಗಿನಿಂದ ಇಳಿಯುವ ಸರಕಿಗೆ ತೆರಿಗೆ ಹಾಕುವುದು ಸುಲಭ. ಬಡ ದೇಶಗಳ ಬೊಕ್ಕಸ ಗಡಿ ಸುಂಕವನ್ನೂ ಸರಕಿನ ತೆರಿಗೆಯನ್ನೂ ಹೆಚ್ಚಾಗಿ ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ. ಇನ್ನೊಂದು ಕಾರಣ ನಮ್ಮ ನೆರೆಯಲ್ಲೇ ಇದೆ. ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದದ್ದು ಶೇಂಗಾ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಸುಂಕವನ್ನು ಶೇ 5.5ರಿಂದ 27.5ಕ್ಕೆ ಏರಿಸಿತು, 2025ರ ಮೇ ಕೊನೆಯಲ್ಲಿ 16.5ಕ್ಕೆ ಇಳಿಸಿತು. ಏರಿದ ಸುಂಕ ಚಳ್ಳಕೆರೆಯ ಶೇಂಗಾ ಬೆಳೆಗಾರರಿಗೆ ಆಸರೆ, ಎಣ್ಣೆ ಕೊಳ್ಳುವ ಮನೆಗೆ ಹೊರೆ, ಮತ್ತು ನಮ್ಮ ಜಿಲ್ಲೆಗಳಲ್ಲಿ ಬೆಳೆಯುವವರೂ ಕೊಳ್ಳುವವರೂ ಒಂದೇ ಮನೆಯಲ್ಲಿರುವುದು ಅಪರೂಪವಲ್ಲ. ಆದ್ದರಿಂದ ಸುಂಕದ ಸಾಲನ್ನು ಬರೆಯುವಾಗ ಅದರ ಪಕ್ಕದಲ್ಲಿ 'ಇದರಿಂದ ಯಾರಿಗೆ ಅನುಕೂಲ' ಎಂದೂ ಒಂದು ಮಾತು ಬರೆದಿಡುವುದು ನನ್ನ ರೂಢಿ.

ಮುಂದಿನ ಪದರ ದೂರ ಮತ್ತು ಪ್ರಮಾಣ. ಚೆನ್ನೈ ಅಥವಾ ಮುಂಬೈ ಬಂದರಿನಲ್ಲಿಳಿದ ಸರಕು ಬೆಂಗಳೂರಿನ ಏಜೆಂಟರ ಗೋದಾಮಿಗೆ, ಅಲ್ಲಿಂದ 48ನೇ ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟಿ ದಾವಣಗೆರೆಯ ವಿತರಕರಿಗೆ, ಅವರಿಂದ ಚನ್ನಗಿರಿ, ಜಗಳೂರಿನ ಅಂಗಡಿಗೆ ತಲುಪುವಷ್ಟರಲ್ಲಿ ಪ್ರತಿ ಕೈಯೂ ತನ್ನ ಪಾಲನ್ನು ಹಿಡಿದುಕೊಳ್ಳುತ್ತದೆ. ತಿಂಗಳಿಗೆ ಸಾವಿರ ಫೋನ್ ಮಾರುವ ಅಂಗಡಿ ಪ್ರತಿಯೊಂದರ ಮೇಲೆ ಸ್ವಲ್ಪವೇ ಉಳಿಸಿಕೊಂಡರೂ ಬಾಡಿಗೆ ಕಟ್ಟಬಲ್ಲದು; ಹತ್ತು ಮಾರುವ ಅಂಗಡಿಗೆ ಅದು ಸಾಧ್ಯವಿಲ್ಲ. ಸಮುದ್ರವೇ ಇಲ್ಲದ ಆಫ್ರಿಕಾದ ದೇಶಗಳಲ್ಲಿ ಈ ಪದರ ಇನ್ನೂ ದಪ್ಪ, ಏಕೆಂದರೆ ಸರಕು ಇನ್ನೊಂದು ದೇಶದ ಬಂದರು, ರಸ್ತೆ, ಗಡಿ ಠಾಣೆಗಳನ್ನು ದಾಟಿಯೇ ಬರಬೇಕು. ನಮ್ಮಲ್ಲಿ ಒಂದೇ ಎಂಆರ್‌ಪಿ ದೇಶಕ್ಕೆಲ್ಲ ಅನ್ವಯಿಸುವುದರಿಂದ ಈ ಖರ್ಚು ಎಲ್ಲರ ಬೆಲೆಯಲ್ಲೂ ಹಂಚಿಹೋಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಈಗ ಆ 15,533 ರೂಪಾಯಿಯತ್ತ ಬರೋಣ. ರೂಪಾಯಿ ಕುಸಿದರೆ ನಷ್ಟವಾಗದಿರಲೆಂದು ಕಂಪನಿ ಮೊದಲೇ ಸೇರಿಸಿಕೊಳ್ಳುವ ಮೊತ್ತವೂ, ಸಾಗಣೆ ಮತ್ತು ಸರ್ವಿಸ್ ಕೇಂದ್ರಗಳ ಖರ್ಚೂ ಅದರಲ್ಲಿ ಇರಬಹುದು. ಆದರೆ ದೊಡ್ಡ ಕಾರಣ ಕಂಪನಿ ಯಾರಿಗೆ ಮಾರಲು ಹೊರಟಿದೆ ಎಂಬುದರಲ್ಲಿದೆ. ಬಡವ-ಶ್ರೀಮಂತರ ನಡುವಿನ ಅಂತರ ಹೆಚ್ಚಿರುವ ಸಮಾಜದಲ್ಲಿ ದುಬಾರಿ ವಸ್ತುವಿನ ಬೆಲೆಯನ್ನು ಹತ್ತು ಸಾವಿರ ಇಳಿಸಿದರೂ ಕೊಳ್ಳುವವರ ಸಂಖ್ಯೆ ಬಹಳವೇನೂ ಹೆಚ್ಚುವುದಿಲ್ಲ, ಏರಿಸಿದರೂ ಮೇಲಿನ ಸ್ತರದವರು ಬಿಡುವುದಿಲ್ಲ. ಹಾಗಾಗಿ ದೇಶ ಬಡದಾದರೂ ಬೆಲೆಯನ್ನು ಅಲ್ಲಿನ ಶ್ರೀಮಂತರ ಕಿಸೆ ನೋಡಿ ಕಟ್ಟುತ್ತಾರೆ. ಇಲ್ಲಿ ಅಗ್ಗವಾಗಿ ಮಾರಿದ್ದು ತಿರುಗಿ ಶ್ರೀಮಂತ ದೇಶದ ಪೇಟೆಗೆ ಹೋದೀತೆಂಬ ಭಯವೂ ಇರುತ್ತದೆ. ಥಾಯ್ಲೆಂಡ್‌ನಿಂದ ಓದಲು ಹೋಗಿದ್ದ ವಿದ್ಯಾರ್ಥಿಯೊಬ್ಬ ತನ್ನ ದೇಶದ ಅಗ್ಗದ ಪಠ್ಯಪುಸ್ತಕಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದಾಗ ಪ್ರಕಾಶಕರು ಮೊಕದ್ದಮೆ ಹೂಡಿದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆತನ ಪರವಾಗಿಯೇ ತೀರ್ಪಿತ್ತಿತು. ಹೀಗೆ ವಾಪಸು ಹರಿಯುವ ದಾರಿ ತೆರೆದಿರುವ ವಸ್ತುವನ್ನು ಬಡ ದೇಶದಲ್ಲಿ ಕಡಿಮೆ ಬೆಲೆಗೆ ಬಿಡಲು ಕಂಪನಿಗಳು ಹಿಂಜರಿಯುತ್ತವೆ.

ಇಷ್ಟು ಲೆಕ್ಕ ಮುಗಿದ ಮೇಲೆ ಒಂದು ಮರುಪರೀಕ್ಷೆ ಮಾಡಿಕೊಳ್ಳಬೇಕು. ಬಡ ದೇಶದಲ್ಲಿ ಎಲ್ಲವೂ ತುಟ್ಟಿಯಲ್ಲ. ಕಾವಲಿಯ ಮುಂದೆ ನಿಂತು ಬೆಣ್ಣೆದೋಸೆ ಹುಯ್ಯುವವರು, ಕ್ಷೌರದವರು, ರವಿಕೆ ಹೊಲಿಯುವವರು ಪಡೆಯುವ ಕೂಲಿ ಅಮೆರಿಕದ ಕೂಲಿಯ ಸಣ್ಣ ಭಾಗವಷ್ಟೇ. ಅವರ ಕೆಲಸ ಹಡಗು ಹತ್ತಿ ಹೋಗಲಾರದು, ಆದ್ದರಿಂದ ಅದರ ಬೆಲೆಯನ್ನು ಊರಿನ ಕೂಲಿಯೇ ನಿರ್ಧರಿಸುತ್ತದೆ. ಫೋನು, ಚಿನ್ನ, ಪೆಟ್ರೋಲಿನ ಬೆಲೆ ಜಗತ್ತಿನ ಪೇಟೆಯದು. ಬೇಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮುಯೆಲ್‌ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ್ದು ಈ ಭೇದವನ್ನೇ. ನೀವು ನೋಡುತ್ತಿರುವ ವಸ್ತು ಯಾವ ಗುಂಪಿನದು ಎಂದು ಮೊದಲೇ ಗುರುತಿಸಿಕೊಂಡರೆ ಬೆಲೆ ಆಶ್ಚರ್ಯ ಹುಟ್ಟಿಸುವುದಿಲ್ಲ.

ಆದರೆ ರೂಪಾಯಿಯಲ್ಲಿ ಮಾಡಿದ ಲೆಕ್ಕ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. ಬೆಲೆಯನ್ನು ದುಡಿಮೆಯ ದಿನಗಳಲ್ಲಿ ಅಳೆಯಬೇಕು. ಅಮೆರಿಕದಲ್ಲಿ 2009ರಿಂದ ಇರುವ ಕೇಂದ್ರೀಯ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 799 ಡಾಲರಿಗೆ 110 ಗಂಟೆ, ಎಂದರೆ ಎಂಟು ಗಂಟೆಯ 14 ದಿನ. ಕರ್ನಾಟಕದಲ್ಲಿ 2023-24ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 316 ರೂಪಾಯಿ. 79,900 ರೂಪಾಯಿಗೆ 253 ದಿನ. ಆ ಯೋಜನೆ ಒಂದು ಮನೆಗೆ ವರ್ಷಕ್ಕೆ ಖಾತ್ರಿ ನೀಡುತ್ತಿದ್ದುದು 100 ದಿನಗಳ ಕೆಲಸ. ಕೆರೆಯ ಹೂಳೆತ್ತುವ ಒಂದು ಕುಟುಂಬ ಎರಡೂವರೆ ವರ್ಷದ ಖಾತ್ರಿ ಕೂಲಿಯನ್ನು ಒಂದು ಪೈಸೆ ಮುಟ್ಟದೆ ಕೂಡಿಟ್ಟರೆ ಆ ಫೋನು ಬರುತ್ತಿತ್ತು. ಈ ಅಂಕಿಯನ್ನು ಮೊದಲ ಸಲ ಬರೆದಾಗ ನಾನು ಎರಡು ಬಾರಿ ಭಾಗಿಸಿ ನೋಡಿದ್ದೆ.

ದೇಶದ ಒಳಗೂ ಇದೇ ಅನ್ಯಾಯ ಇನ್ನೊಂದು ರೂಪದಲ್ಲಿದೆ, ಏಕೆಂದರೆ ಕೈಯಲ್ಲಿ ಕಾಸು ಕಡಿಮೆ ಇದ್ದವರು ಸ್ವಲ್ಪ ಸ್ವಲ್ಪವೇ ಕೊಳ್ಳಬೇಕಾಗುತ್ತದೆ. ಮ್ಯಾನೇಜ್‌ಮೆಂಟ್ ಚಿಂತಕ ಸಿ.ಕೆ. ಪ್ರಹ್ಲಾದ್ 2002ರಲ್ಲಿ ಮುಂಬೈನ ಕೊಳೆಗೇರಿಯಾದ ಧಾರಾವಿಯನ್ನೂ ಶ್ರೀಮಂತರ ವಾರ್ಡನ್ ರಸ್ತೆಯನ್ನೂ ಹೋಲಿಸಿ, ನೀರಿಗೆ ಧಾರಾವಿಯವರು 37 ಪಟ್ಟು ಹೆಚ್ಚು ತೆರುತ್ತಿದ್ದಾರೆಂದು ತೋರಿಸಿದರು. ಕಿರಾಣಿ ಅಂಗಡಿಯಲ್ಲಿ ಇದನ್ನು ಪತ್ತೆಹಚ್ಚಲು ಪೊಟ್ಟಣದ ಬೆಲೆಯನ್ನು ತೂಕದಿಂದ ಭಾಗಿಸಬೇಕು. ಪೊಟ್ಟಣ ಸರಕುಗಳ ನಿಯಮಕ್ಕೆ 2021ರ ನವೆಂಬರ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ಪೊಟ್ಟಣದ ಮೇಲೆ ಗ್ರಾಂ ಅಥವಾ ಮಿಲಿಲೀಟರಿನ ದರವನ್ನೂ ಮುದ್ರಿಸಬೇಕು. ಎಂಆರ್‌ಪಿ ಪಕ್ಕದ ಸಣ್ಣ ಅಕ್ಷರಗಳಲ್ಲಿ ಅದನ್ನು ಹುಡುಕಿ. ಬಿಸ್ಕತ್ತಿನ ಹತ್ತು ರೂಪಾಯಿ ಪೊಟ್ಟಣ ಹತ್ತೇ ರೂಪಾಯಿಯಾಗಿದ್ದು ಗ್ರಾಂ ಇಳಿದಿದ್ದರೆ ಅದೂ ಇಲ್ಲಿ ಸಿಕ್ಕಿಬೀಳುತ್ತದೆ. ಚಿಕ್ಕದು ಯಾವಾಗಲೂ ತುಟ್ಟಿ ಎಂದುಕೊಳ್ಳಬೇಡಿ: ಶಾಂಪೂವಿನಲ್ಲಿ ಎಷ್ಟೋ ಸಲ ಸ್ಯಾಷೆಯೇ ಬಾಟಲಿಗಿಂತ ಅಗ್ಗ. ಭಾಗಿಸಿಯೇ ನೋಡಬೇಕು.

ಅಂಗಡಿಯಲ್ಲಿ ಆಮದಾದ ವಸ್ತುವನ್ನು ಕೈಗೆತ್ತಿಕೊಂಡಾಗ ಡಬ್ಬಿಯನ್ನು ತಿರುಗಿಸಿ, ಆಮದುದಾರರ ಹೆಸರು ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರುವ ಚೀಟಿಯನ್ನು ಓದಿ. ಆ ಚೀಟಿ ಇಲ್ಲದ ಸರಕು ಅಗ್ಗವಾಗಿದ್ದರೆ ಅದು ಸುಂಕ ತಪ್ಪಿಸಿ ಬಂದದ್ದಿರಬಹುದು, ಗ್ಯಾರಂಟಿಗೆ ದಿಕ್ಕಿರುವುದಿಲ್ಲ. ಎಂಆರ್‌ಪಿಗಿಂತ ಕಡಿಮೆಗೆ ಮಾರಲು ಅಂಗಡಿಯವರಿಗೆ ಸ್ವಾತಂತ್ರ್ಯವಿದೆ, ಆದ್ದರಿಂದ ಕೇಳಲು ಸಂಕೋಚ ಬೇಡ. ಮೀರಿ ಮಾರುವುದು ಮಾತ್ರ ಕಾನೂನುಬಾಹಿರ. ಮೀರಿದರೆ ಮೊದಲು ಅಂಗಡಿಯಲ್ಲೇ ಹೇಳಿ, ಸರಿಹೋಗದಿದ್ದರೆ ತೂಕ-ಅಳತೆಗಳನ್ನು ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದವರೆಗಿನದಾದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಇದಕ್ಕೆಲ್ಲ ಬೇಕಾಗುವುದು ಬಿಲ್ಲು ಮತ್ತು ಡಬ್ಬಿಯ ಮೇಲಿನ ಚೀಟಿಯ ಫೋಟೊ. ಬಿಲ್ಲನ್ನು ಕೇಳಿ ಪಡೆಯಿರಿ, ಮನೆಗೆ ಹೋದೊಡನೆ ಡಬ್ಬಿಯನ್ನು ಎಸೆಯಬೇಡಿ.