ಕೆಂಪು ಪೋಲೋ, ಬೋರ್‌ವೆಲ್ ನೀರು, ಎರಡು ಡ್ರಮ್ ಮಳೆನೀರು

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಬರೀತಿರೋದು ನನ್ನ ಬಾಮೈದ ಓದ್ಲಿ ಅಂತ. ಎರಡು ವರ್ಷ "ಭಾವ, ಕಾರಿಗೆ ಮಳೆನೀರಿನ ಅಭಿಷೇಕ ಮುಗೀತಾ, ಮಂಗಳಾರತೀನೂ ಎತ್ಬಿಡಿ" ಅಂತ ಕಾಲೆಳೀತಿದ್ದೋನು, ಹೋದ ಭಾನುವಾರ ಅವನ ಸ್ವಿಫ್ಟ್ ತಂದು ಗೇಟ್ ಮುಂದೆ ನಿಲ್ಲಿಸಿ "ಒಂದು ಬಕೆಟ್ ಕೊಡ್ತೀರಾ" ಅಂದ. ಕೊಟ್ಟೆ. ಅರ್ಧ ಬಕೆಟ್.

ನಂದು 2015ರ ಪೋಲೋ ಜಿಟಿ ಟಿಎಸ್‌ಐ, ಫ್ಲ್ಯಾಶ್ ರೆಡ್, 1.2 ಟರ್ಬೊ, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆರು ಲಕ್ಷದ ಆಸುಪಾಸು. ಮಾರಿದೋರು "ಒಂದು ಗೀರೂ ಬಿದ್ದಿಲ್ಲ ಸರ್" ಅಂದಿದ್ರು. ಆಮೇಲೆ ಫ್ರೆಂಡ್ ಹತ್ರ ಪೇಂಟ್ ದಪ್ಪ ಅಳೆಯೋ ಗೇಜ್ ಇಸ್ಕೊಂಡು ಅಳೆದ್ರೆ ಬಾನೆಟ್, ರೂಫ್ ಎಲ್ಲಾ 110 ಮೈಕ್ರಾನ್ ಆಚೆ ಈಚೆ, ಎಡಗಡೆ ಹಿಂದಿನ ಡೋರ್ ಮಾತ್ರ 240! ಅಂದ್ರೆ ಅದಕ್ಕೆ ಮತ್ತೆ ಪೇಂಟ್ ಹೊಡೆಸಿದ್ದಾರೆ. ಇರ್ಲಿ, ಆ ಡೋರ್ ಮೇಲೆ ಪಾಲಿಶಿಂಗ್ ಕಲಿಯೋಕೆ ಧೈರ್ಯ ಬಂತು.

ಇಂಜಿನ್ ಕಥೆ ಬೇಗ ಮುಗಿಸ್ತೀನಿ. ಎಲ್ಲರ ಹಾಗೆ ನಾನೂ ಮೊದ್ಲು ಕೋನ್ ಫಿಲ್ಟರ್ (ಇಂಜಿನ್‌ಗೆ ಗಾಳಿ ಎಳೆಯೋ ತೆರೆದ ಫಿಲ್ಟರ್) ಹಾಕ್ಸಿ ಆರೂವರೆ ಸಾವಿರ ಕಳ್ಕೊಂಡೆ. ಬಂಪರ್ ಟು ಬಂಪರ್ ಟ್ರಾಫಿಕ್ಕಲ್ಲಿ ಅದು ಬಾನೆಟ್ ಒಳಗಿನ ಬಿಸಿ ಗಾಳೀನೇ ಎಳ್ಕೊಳ್ತಿತ್ತು, ಸೌಂಡ್ ಬಿಟ್ರೆ ಏನೂ ಸಿಗ್ಲಿಲ್ಲ, ತೆಗ್ದು ಕಂಪನಿಯ ಸ್ಟಾಕ್ ಬಾಕ್ಸ್‌ಗೆ ವಾಪಸ್. ಟೈರ್ 185/60ರಿಂದ 195/60 ಮಾಡ್ದೆ, ರಿಮ್ ಅದೇ 15 ಇಂಚು, ದುಡ್ಡು ಕೊಟ್ಟಿದ್ದಕ್ಕೆ ಅವತ್ತೇ ಗೊತ್ತಾದ ಬದಲಾವಣೆ ಅದೊಂದೇ. ರೀಮ್ಯಾಪ್, ಅಂದ್ರೆ ಪವರ್ ಏರಿಸೋಕೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸೋದು, ಅದು ಮಾತ್ರ ಎರಡು ಸಲ ಆಯ್ತು. ಮೊದಲನೇ ಪುಣ್ಯಾತ್ಮ ಯಾವುದೋ ರೆಡಿ ಫೈಲ್ ತುಂಬಿ 18 ಸಾವಿರ ಇಸ್ಕೊಂಡ, ವಾರದೊಳಗೆ ನೆಲಮಂಗಲ ಫ್ಲೈಓವರ್ ಮೇಲೆ ಲಿಂಪ್ ಮೋಡ್ (ತೊಂದರೆ ಕಂಡಾಗ ಗಾಡಿ ತಾನೇ ಪವರ್ ಕಡಿತ ಮಾಡ್ಕೊಳ್ಳೋದು), ಹಿಂದೆ ಲಾರಿ ಹಾರ್ನು, ಪಕ್ಕದಲ್ಲಿ ನಮ್ಮಮ್ಮ. ದುಡ್ಡು ವಾಪಸ್ ಬರ್ಲಿಲ್ಲ. ಎರಡನೇ ಟ್ಯೂನರ್ ಮೂರು ದಿನ ಇಂಜಿನ್ ಡೇಟಾ ಲಾಗ್ ತೆಗ್ದು ಮಾಡ್ಕೊಟ್ರು, 32 ಸಾವಿರ. ಸ್ಟಾಕ್ 105 ಪಿಎಸ್, 175 ಎನ್‌ಎಂ. ಈಗ 130ರ ಮೇಲಿದೆ ಅಂತಾರೆ. ಟಾರ್ಕ್ ಬೇಕಂತ್ಲೇ 215ರ ಹತ್ರ ನಿಲ್ಲಿಸ್ದೆ, ಯಾಕಂದ್ರೆ ಆ ಡ್ರೈ ಕ್ಲಚ್ ಗೇರ್‌ಬಾಕ್ಸ್ ತಡೆಯೋದು ಲೆಕ್ಕದಲ್ಲಿ 250 ಎನ್‌ಎಂ ಅಷ್ಟೇ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅದು ಮೊದ್ಲೇ ಅಳ್ತಾ ಇರತ್ತೆ. ಎಕ್ಸಾಸ್ಟ್ ಮುಟ್ಟಿಲ್ಲ, ಪೊಲೀಸ್ ಜೊತೆ ವಾದ ಮಾಡೋ ವಯಸ್ಸು ದಾಟಿದೆ.

ಈಗ ನಿಜವಾದ ತಲೆನೋವಿಗೆ ಬರೋಣ, ಪೇಂಟು. ನಮ್ಮದು ಬೀದಿ ಪಾರ್ಕಿಂಗ್, ಮೇಲೆ ಹೊಂಗೆ ಮರ, ಬೇಸಿಗೆಯಲ್ಲಿ ಹೂವಿನ ಜೊತೆ ಅಂಟು, ವರ್ಷವಿಡೀ ಕಾಗೆ. ತಿಂಗಳಿಗೆ 600ಕ್ಕೆ ಕಾರ್ ಒರೆಸೋ ಹುಡುಗ ವೀಲ್‌ಗೂ ಬಾನೆಟ್‌ಗೂ ಒಂದೇ ಬಟ್ಟೆ. ಬಿಸಿಲಲ್ಲಿ ನೋಡಿದ್ರೆ ಜೇಡರ ಬಲೆ ಹಾಗೆ ಸ್ವರ್ಲ್ ಮಾರ್ಕು, ಅಂದ್ರೆ ಸಣ್ಣ ಸಣ್ಣ ಸುತ್ತು ಗೀರು. ಎಲ್ಲದಕ್ಕಿಂತ ಕೆಟ್ಟದ್ದು ಬೋರ್‌ವೆಲ್ ನೀರು. ಮುನ್ನೂರು ರೂಪಾಯಿ ಮೀಟರ್ ಅದ್ದಿ ನೋಡಿದ್ರೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಳತೆ) 900ರ ಹತ್ರ.

2021ರಲ್ಲಿ ಒಂದು ಸ್ಟುಡಿಯೋಲಿ 22 ಸಾವಿರ ಕೊಟ್ಟು ಸೆರಾಮಿಕ್ ಕೋಟಿಂಗ್ (ಪೇಂಟ್ ಕಾಯೋ ಗಾಜಿನಂಥ ತೆಳು ಪದರ) ಮಾಡ್ಸಿದ್ದೆ. ನಾಲ್ಕು ತಿಂಗಳಿಗೆ ಕೋಟಿಂಗ್ ಮೇಲೇ ಬಿಳಿ ಉಂಗುರ. ಕೇಳಿದ್ರೆ "ಮೇಂಟೆನೆನ್ಸ್ ವಾಶ್‌ಗೆ ಬನ್ನಿ ಸರ್". ಹೋದ್ರೆ ಅಲ್ಲೂ ಅದೇ ಬೋರ್ ನೀರು! ಸೆರಾಮಿಕ್ ಹಾಕಿದ್ಮೇಲೆ ನೀರು ಮಣಿಮಣಿಯಾಗಿ ನಿಲ್ಲತ್ತಲ್ಲ, ವಿಡಿಯೋದಲ್ಲಿ ನೋಡೋಕೆ ಚೆಂದ, ಆದ್ರೆ ಒಂದೊಂದು ಮಣಿನೂ ಬಿಸಿಲಿಗೆ ಆರಿದಾಗ ಒಳಗಿದ್ದ ಸುಣ್ಣವೆಲ್ಲಾ ಒಂದೇ ಚುಕ್ಕೀಲಿ ಕೂತ್ಕೊಳತ್ತೆ. ಇದು ತಲೆಗೆ ಹೋಗೋಕೆ ನಂಗೆ ಒಂದು ವರ್ಷ ಬೇಕಾಯ್ತು.

ವಿನೆಗರ್‌ಗೆ ಸಮ ನೀರು ಬೆರೆಸಿ ಒರೆಸಿದ್ರೆ ಹೊಸ ಕಲೆ ಹೋಗತ್ತೆ, ಕೂಡ್ಲೇ ತೊಳೀಬೇಕು. ಹಳೇದು ಪೇಂಟ್ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ತಿಂದಿರತ್ತೆ, ಕಾಂಪೌಂಡ್ (ಉಜ್ಜಿ ಸಮ ಮಾಡೋ ಪೇಸ್ಟ್) ಬಿಟ್ರೆ ದಾರಿ ಇಲ್ಲ. ಜಿಪುಣತನ ಮಾಡಿ 2,800ರ ರೋಟರಿ ಪಾಲಿಶ್ ಮಷಿನ್ ತಂದು ಬಂಪರ್ ಅಂಚಲ್ಲಿ ಪೇಂಟ್ ಸುಟ್ಟೆ. ಪ್ಲಾಸ್ಟಿಕ್ ಮೇಲೆ ಬಿಸಿ ಎಷ್ಟು ಬೇಗ ಏರತ್ತೆ ಅಂತ ಗೊತ್ತಾಗೋ ಹೊತ್ತಿಗೆ ಬೆರಳಗಲ ಕಪ್ಪು ಕಾಣ್ತಿತ್ತು. ಆಮೇಲೆ ಮರ್ಯಾದೆಯಾಗಿ ಡಿಎ ಪಾಲಿಶರ್ (ಅಲುಗಾಡ್ತಾ ತಿರುಗೋದು, ಬಿಸಿ ಕಮ್ಮಿ), 9 ಸಾವಿರ ಚಿಲ್ಲರೆ, ಪ್ಯಾಡ್ ಕಾಂಪೌಂಡ್ ಸೇರಿ ಇನ್ನೊಂದು ನಾಲ್ಕು. ಕ್ಲೇ (ಅಂಟಿದ ಕೊಳೆ ಎಳೆಯೋ ಜೇಡಿ), ಪಾಲಿಶ್, ಐಪಿಎ ವೈಪ್ (ಆಲ್ಕೋಹಾಲಲ್ಲಿ ಎಣ್ಣೆ ಜಿಡ್ಡು ಒರೆಸೋದು) ಎಲ್ಲಾ ನಿಮಗೆ ಗೊತ್ತಿರೋದೇ. ಕೋಟಿಂಗ್ 30 ಎಂಎಲ್ ಬಾಟ್ಲು, ಮೂರೂವರೆ ಸಾವಿರ. ಮೊದಲನೇ ಸಲ ರಾತ್ರಿ ಪೋರ್ಟಿಕೋದ ಟ್ಯೂಬ್‌ಲೈಟಲ್ಲಿ ಹಾಕಿ ಹೆಮ್ಮೆಯಿಂದ ಮಲಗಿದ್ದೆ, ಬೆಳಿಗ್ಗೆ ಬಿಸಿಲಿಗೆ ಬಾನೆಟ್ ತುಂಬಾ ಕಾಮನಬಿಲ್ಲಿನ ಪಟ್ಟೆ. ಹೈ ಸ್ಪಾಟು, ಅಂದ್ರೆ ಸರಿಯಾಗಿ ಒರೆಸದೆ ದಪ್ಪ ಉಳಿದ ಕೋಟಿಂಗ್. ಅಷ್ಟೂ ಪಾಲಿಶ್ ಹೊಡ್ದು ಮತ್ತೆ ಹಾಕ್ದೆ, ಈ ಸಲ ತಲೆಗೆ ಕಟ್ಟೋ ಟಾರ್ಚ್ ಹಾಕ್ಕೊಂಡು, ಒಂದೊಂದು ಪ್ಯಾನಲ್ ಓರೆಯಾಗಿ ನೋಡ್ಕೊಂಡು.

ಪಿಪಿಎಫ್, ಅಂದ್ರೆ ಪೇಂಟ್ ಕಾಯೋ ಪಾರದರ್ಶಕ ಫಿಲ್ಮ್, ಪೂರ್ತಿ ಗಾಡಿಗೆ ಒಂದು ಲಕ್ಷ ಹತ್ತು ಅಂದ್ರು. ಹತ್ತು ವರ್ಷದ ಕಾರಿಗೆ ಯಾಕೆ? ಕಲ್ಲು ಹೊಡಿಯೋದು ಎಲ್ಲಿ, ಬಂಪರ್, ಬಾನೆಟ್ ಮುಂದಿನ ಒಂದೂವರೆ ಅಡಿ, ಮಿರರ್. ಅಷ್ಟಕ್ಕೆ ಮಾತ್ರ ಫಿಲ್ಮ್ ತಂದೆ, 14 ಸಾವಿರ, ಅದ್ರಲ್ಲಿ ಮೊದಲ ತುಂಡು ಜಾಸ್ತಿ ಎಳ್ದು ಹಾಳು, ಎರಡನೇದ್ರ ಒಳಗೆ ನಾಯಿ ಕೂದ್ಲು, ಅದು ಈಗ್ಲೂ ಬಾನೆಟ್ ಬಲಗಡೆ ಇದೆ, ಹುಡುಕಿದ್ರೆ ಕಾಣತ್ತೆ. ಬೇಬಿ ಶಾಂಪೂ ನೀರಲ್ಲಿ ಜಾರಿಸೋದು ಎಲ್ಲರಿಗೂ ಗೊತ್ತು. ಬಂಪರ್ ಮೂಲೇಲಿ ಫಿಲ್ಮ್ ಏಳದ ಹಾಗೆ ಕೂರಿಸೋಕೆ ಏನ್ಮಾಡ್ದೆ ಅಂತ ಹೇಳಲ್ಲ, ಅದಕ್ಕೆ ನಾಲ್ಕು ಭಾನುವಾರ ಕೊಟ್ಟಿದ್ದೀನಿ.

ಇನ್ನು ಮಳೆನೀರು. ಟೆರೇಸ್ ಪೈಪ್ ತಿರುಗಿಸಿ 200 ಲೀಟರಿನ ಎರಡು ಡ್ರಮ್ ಇಟ್ಟೆ, ಬಾಯಿಗೆ ಬಟ್ಟೆ, ಮೇಲೆ ಸೊಳ್ಳೆ ಮೆಶ್. ಮೊದಲ ಹದಿನೈದು ನಿಮಿಷದ ಮಳೆ ಚರಂಡಿಗೆ, ಆಮೇಲೆ ಬಂದ ನೀರಿನ ಟಿಡಿಎಸ್ 20, 25. ಶಾಂಪೂ ವಾಶ್ ಬೋರ್ ನೀರಲ್ಲೇ, ನೆರಳಲ್ಲಿ, ಒಣಗೋಕೆ ಬಿಡದೆ. ಕೊನೇ ರಿನ್ಸ್ ಮಾತ್ರ ಮಳೆನೀರು, ಹದಿನೈದು ಲೀಟರ್ ಸಾಕು. ಸ್ಪ್ರೇ ಬೇಡ, ರೂಫಿಂದ ನಿಧಾನ ಹಾಳೆ ಥರ ಇಳಿಸ್ಬೇಕು, ಗಿಡಕ್ಕೆ ಹಾಕೋ ಕ್ಯಾನಿನ ಮೂತಿ ಕಿತ್ತು ಅದ್ರಲ್ಲೇ ಮಾಡ್ತೀನಿ. ಒರೆಸೋದೇ ಇಲ್ಲ. ಒಣಗಿದ್ರೂ ಕಲೆ ಇಲ್ಲ, ಬಟ್ಟೆ ತಾಗದೇ ಇರೋದಕ್ಕೆ ಸ್ವರ್ಲೂ ಇಲ್ಲ.

ಮಧ್ಯೆ ಎಸಿ ನೀರೂ ಟ್ರೈ ಮಾಡ್ದೆ, ಟಿಡಿಎಸ್ ಇನ್ನೂ ಕಮ್ಮಿ, ಆದ್ರೆ ವಾರಕ್ಕೇ ತಳದಲ್ಲಿ ಲೋಳೆ, ಬೆಂಗಳೂರಲ್ಲಿ ಎಸಿ ಹಾಕೋದೂ ಎಷ್ಟು ದಿನ. 2024 ಮಾರ್ಚಲ್ಲಿ ಜಲಮಂಡಳಿಯೋರು ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5 ಸಾವಿರ ದಂಡ ಅಂದ್ರಲ್ಲ, ಆಗ ಪಕ್ಕದ್ಮನೆ ಅಂಕಲ್ ಗೇಟ್ ಹತ್ರ ಬಂದು ಫೋನ್ ಕ್ಯಾಮೆರಾ ಎತ್ತಿದ್ರು. ಡ್ರಮ್ ತೋರಿಸ್ದೆ, ಮೀಟರ್ ಅದ್ದಿ 22 ತೋರಿಸ್ದೆ, ಅವರ ನಲ್ಲಿ ನೀರೂ ಅಳೆದುಕೊಟ್ಟೆ, ಮುಖ ಸಣ್ಣಗಾಯ್ತು. ಅದೇ ತಿಂಗಳ ಕೊನೆಗೆ ಡ್ರಮ್ಮೂ ಖಾಲಿ, ಮಳೆ ಬರೋವರೆಗೂ ರಿನ್ಸ್‌ಲೆಸ್ ವಾಶಲ್ಲೇ (ಕೊನೇಲಿ ನೀರು ಸುರಿಯದೆ ಒರೆಸಿಬಿಡೋದು) ದಿನ ತಳ್ಳಿದ್ದು, ಅದು ಬೇರೆ ವಿಷಯ.

ಈ ಕೋಟಿಂಗ್‌ಗೆ ಈಗ ಒಂದೂವರೆ ವರ್ಷ, ಬಾನೆಟ್ ಮೇಲೆ ಉಂಗುರ ಇಲ್ಲ. ಬಾಮೈದನ ಸ್ವಿಫ್ಟ್‌ಗೂ ಈ ಅಭಿಷೇಕ ಅಂಟ್ಕೊಂಡ್ರೆ ಎರಡು ಡ್ರಮ್ ಸಾಲಲ್ಲ. ಮೂರನೇದು ತರ್ಬೇಕು, ಮನೇಲಿ ಇನ್ನೂ ಹೇಳಿಲ್ಲ.